ಇದ್ದದ್ದನ್ನು ಉಳಿಸುವ ಆಪರೇಶನ್

"ಆಪ್ರೇಶನ್ ಆಯ್ತಲೆ, ಹೆಣ್ಣ್ ಇನ್ನ್ ಸಮಾ ನಡಿತ್ತಲ್ದಾ?"

ತೆಕ್ಕಟ್ಟೆ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ, ನಾನು ಕೆಲಸಕ್ಕೆ ಹೋಗುವ ಗೇರುಬೀಜದ ಫ್ಯಾಕ್ಟರಿಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಎಲ್ಲಿ ಹೋದರೂ ನನಗೆ ಎದುರಾಗುವ ಪ್ರಶ್ನೆ ಇದು. ಕೇಳುವವರ ಮೇಲೆ ಸಿಟ್ಟಿಲ್ಲ. ಮಗಳ ಮೊದಲ ಆಪರೇಶನ್ನಿನ ಹೊತ್ತಿಗೆ ನಾವೂ ಡಾಕ್ಟ್ರ ಹತ್ತಿರ ಕೇಳಿದ್ದು ಇದನ್ನೇ. ಅವರು ಕೊಟ್ಟ ಉತ್ತರ ಸರಿಯಾಗಿ ತಲೆಗೆ ಹೋಗಲಿಕ್ಕೆ ನಮಗೆ ವರ್ಷಗಳೇ ಹಿಡಿದವು. ಈಗ ಅವಳಿಗೆ ಹತ್ತು ವರ್ಷ. ಬೆನ್ನು, ತಲೆ, ಕಾಲು ಎಂದು ಒಂದೊಂದೇ ಆಪರೇಶನ್ ಮುಗಿದಿವೆ, ಇನ್ನೊಂದರ ಮಾತು ನಡೆಯುತ್ತಿದೆ. ನಮ್ಮ ಹಾಗೆಯೇ ಏನೂ ತಿಳಿಯದೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವ ಅಪ್ಪ ಅಮ್ಮಂದಿರು ಇರುತ್ತಾರೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ಅವಳು ಹುಟ್ಟಿದ್ದು 2015ರ ಜುಲೈ ಕೊನೆಯಲ್ಲಿ. ಚೊಚ್ಚಲ ಹೆರಿಗೆ, ನಾನು ತವರಿನಲ್ಲಿದ್ದೆ. ಗಂಡ ಬೆಂಗಳೂರಿನ ಹೋಟೆಲೊಂದರಲ್ಲಿ ಕ್ಯಾಶ್ ನೋಡಿಕೊಳ್ಳುತ್ತಿದ್ದರು. ಕುಂದಾಪುರದಲ್ಲಿ ಹೆರಿಗೆಯಾಯಿತು, ಮಗು ಚೆನ್ನಾಗಿಯೇ ಅತ್ತಿತು. ಆದರೆ ಸಿಸ್ಟರ್ ಮಗುವನ್ನು ನನ್ನ ಮಗ್ಗುಲಿಗೆ ತರಲಿಲ್ಲ. ಅಮ್ಮ ಹೋಗಿ ನೋಡಿ ಬಂದು ಬಾಗಿಲಲ್ಲೇ ನಿಂತರು. ಸೊಂಟದ ಸ್ವಲ್ಪ ಮೇಲೆ, ಬೆನ್ನಿನ ನಡುವೆ, ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ. ಚರ್ಮ ಇಲ್ಲ, ತೆಳ್ಳಗಿನ ಪೊರೆ ಮಾತ್ರ. ಅದರೊಳಗಿಂದ ಕೆಂಪಗಿನದೇನೋ ಕಾಣುತ್ತಿತ್ತು, ಒಂದು ಬದಿಯಿಂದ ನೀರು ಜಿನುಗುತ್ತಿತ್ತು. ಡಾಕ್ಟ್ರು ಗುಳ್ಳೆಯ ಮೇಲೆ ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆ ಹಾಕಿಸಿ, ಮಗುವನ್ನು ಕವುಚಿ ಮಲಗಿಸಿ, "ಬೆನ್ನು ಕೆಳಗೆ ಮಾಡಬೇಡಿ, ಈಗಲೇ ಮಣಿಪಾಲಕ್ಕೆ ಹೊರಡಿ" ಎಂದರು. ಆಂಬುಲೆನ್ಸಿನಲ್ಲಿ ಅಮ್ಮ ಮತ್ತು ಅಣ್ಣ ಹೋದರು. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ ಅದು. ಕೋಟ, ಸಾಸ್ತಾನ, ಬ್ರಹ್ಮಾವರ ದಾಟುವಷ್ಟರಲ್ಲಿ ಪ್ರತಿ ಗುಂಡಿಗೂ ಅಮ್ಮ ಮಗುವನ್ನು ಎರಡೂ ಅಂಗೈ ಮೇಲೆ ಎತ್ತಿ ಹಿಡಿಯುತ್ತಿದ್ದರಂತೆ.

ಐದನೇ ತಿಂಗಳಿನಲ್ಲಿ ಸ್ಕ್ಯಾನ್ ಮಾಡಿಸಿದ್ದೆವು. ರಿಪೋರ್ಟಿನಲ್ಲಿ ಬೆನ್ನೆಲುಬು ನಾರ್ಮಲ್ ಎಂದು ಬರೆದಿತ್ತು. ಆ ಕಾಗದ ಈಗಲೂ ನಮ್ಮ ಫೈಲಿನಲ್ಲಿದೆ.

ಮರುದಿನ ನಾನು ಹೋಗುವಷ್ಟರಲ್ಲಿ ಗಂಡ ರಾತ್ರಿ ಬಸ್ಸು ಹಿಡಿದು ಬಂದಿದ್ದರು. ನರರೋಗದ ಸರ್ಜನ್ ಒಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಹೊಟ್ಟೆಯೊಳಗೆ ಮಗುವಿನ ಬೆನ್ನುಹುರಿ ಮೊದಲು ಚಪ್ಪಟೆ ಹಾಳೆಯಂತಿದ್ದು, ಆಮೇಲೆ ಸುರುಳಿ ಸುತ್ತಿಕೊಂಡು ಕೊಳವೆಯಾಗುತ್ತದೆ. ಗರ್ಭ ಕಟ್ಟಿ 28 ದಿನದೊಳಗೆ ಆ ಕೊಳವೆ ಪೂರ್ತಿ ಮುಚ್ಚಬೇಕು. ನಮ್ಮ ಮಗುವಿನಲ್ಲಿ ಸೊಂಟದ ಹತ್ತಿರ ಅದು ಮುಚ್ಚಲಿಲ್ಲ. ಸ್ಪೈನಾ ಬೈಫಿಡಾ ಎಂದರೆ ಇದು. ಚರ್ಮದ ಅಡಿ ಎಲುಬಿನಲ್ಲಿ ಮಾತ್ರ ಸಣ್ಣ ಬಿರುಕು ಇದ್ದರೆ ಹೆಚ್ಚಿನವರಿಗೆ ತೊಂದರೆಯೇ ಇರುವುದಿಲ್ಲ. ಗುಳ್ಳೆಯಲ್ಲಿ ನೀರು ಮಾತ್ರ ಇದ್ದರೂ ಪರವಾಗಿಲ್ಲ. ನಮ್ಮದು ಮೂರನೆಯ ಬಗೆ, ನರಗಳೇ ಹೊರಗೆ ಬಂದಿರುವ ಮೈಲೋಮೆನಿಂಗೋಸೀಲ್. ಬಿರುಕು ಎಷ್ಟು ಮೇಲಿದೆಯೋ ಅದರ ಕೆಳಗಿನ ನರಗಳೆಲ್ಲ ಸೋತಿರುತ್ತವೆ. ನಮ್ಮದು ಕೆಳಗಿದ್ದ ಕಾರಣ ತೊಡೆ, ಮಂಡಿ ಆಡುತ್ತಿದ್ದವು, ಪಾದ ಆಡುತ್ತಿರಲಿಲ್ಲ.

"ಆಪರೇಶನ್ ಮಾಡಿದರೆ ಪಾದ ಆಡುತ್ತದಾ?" ಗಂಡ ಕೇಳಿದರು.

"ಇಲ್ಲ. ಹೋದ ನರ ವಾಪಸು ಬರುವುದಿಲ್ಲ. ಇರುವುದು ಹೋಗದ ಹಾಗೆ ಮಾಡಲಿಕ್ಕೆ ಆಪರೇಶನ್" ಎಂದರು ಡಾಕ್ಟ್ರು.

ಮಾಡಿಸದಿದ್ದರೆ ಏನಾಗುತ್ತದೆ ಎಂದೂ ಕೇಳಿದೆವು. ಗುಳ್ಳೆ ಒಡೆದು ಕೀವಾಗಿ ಸೋಂಕು ನೇರ ಮೆದುಳಿಗೆ ಏರುತ್ತದೆ, ಬದುಕಿದರೂ ಈಗ ಇರುವ ಶಕ್ತಿ ಉಳಿಯುವುದಿಲ್ಲ. ಹುಟ್ಟಿದ ಎರಡು ಮೂರು ದಿನದೊಳಗೆ ಮುಚ್ಚುವುದು ಒಳ್ಳೆಯದು ಎಂದರು. ಮನೆಗೆ ಹೋಗಿ ಹಿರಿಯರನ್ನು ಕೇಳಿ ಬರುತ್ತೇವೆ ಎನ್ನುವ ಪುರುಸೊತ್ತು ಇರಲಿಲ್ಲ. ಗಂಡ ಸಹಿ ಹಾಕಿದರು. ಮೈಕ್ರೋಸ್ಕೋಪಿನಡಿಯಲ್ಲಿ ನರದ ಹಾಳೆಯನ್ನು ಸುತ್ತಲಿನ ಚರ್ಮದಿಂದ ಬಿಡಿಸಿ, ಕೊಳವೆಯಂತೆ ಸುತ್ತಿ ಒಳಗೆ ಕೂರಿಸಿ, ಅದರ ಮೇಲೆ ನೀರು ಸೋರದಂತೆ ಪೊರೆ ಹೊಲಿದು, ಆಮೇಲೆ ಚರ್ಮ ಎಳೆದು ಮುಚ್ಚುತ್ತಾರೆ.

ಗಾಯ ಮಾಗುವ ತನಕ ಮಗು ಹೊಟ್ಟೆಯ ಮೇಲೆಯೇ ಮಲಗಬೇಕಿತ್ತು. ಎದೆಹಾಲು ಕುಡಿಸಲಿಕ್ಕೆ ಸಿಸ್ಟರ್ ಒಬ್ಬರು ಉಪಾಯ ಹೇಳಿಕೊಟ್ಟರು. ನಾನು ಒರಗಿ ಕೂತು ಮಗುವನ್ನು ಎದೆಯ ಮೇಲೆ ಕವುಚಿ ಹಾಕಿಕೊಳ್ಳುವುದು, ಬೆನ್ನಿಗೆ ಕೈ ತಾಗಿಸದೆ ತೊಡೆಯ ಕೆಳಗೆ ಮಾತ್ರ ಆಧಾರ ಕೊಡುವುದು. ಊರಿಗೆ ಬಂದ ಮೇಲೆ ಇನ್ನೊಂದು ತಕರಾರು. ನಮ್ಮ ಕಡೆ ಬಾಣಂತಿ ಮನೆಯೆಂದರೆ ಮಗು ಮೀಸುವ ಹೆಂಗಸು ಬರಬೇಕು, ಕಾಲು ನೀಡಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ಯಬೇಕು. ನಾನು ಬೇಡವೆಂದೆ. ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ, ಸುಟ್ಟರೂ ಮಗು ಅಳುವುದಿಲ್ಲ ಎಂದು ಡಾಕ್ಟ್ರು ಎಚ್ಚರಿಸಿದ್ದರು. ಬಂದ ಹೆಂಗಸು ನಂಬಲಿಲ್ಲ, ಪಾದದಡಿ ಉಗುರಿನಿಂದ ಗೀರಿ ನೋಡಿದಳು. ಮಗು ಅವಳ ಮುಖ ನೋಡುತ್ತಾ ಸುಮ್ಮನಿತ್ತು. ಆಮೇಲೆ ಅವಳೇ ನೀರು ತಣಿಸಿ, ಮೊಣಕೈ ಅದ್ದಿ ನೋಡಿ, ಬಟ್ಟೆಯಲ್ಲಿ ಒರೆಸಿ ಕೊಟ್ಟು ಹೋದಳು.

ಮನೆಗೆ ಕಳಿಸುವಾಗ ತಲೆಯ ಸುತ್ತಳತೆಯನ್ನು ಅಳೆದು ಬರೆದಿಡಿ ಎಂದಿದ್ದರು. ಅಣ್ಣನ ಹೆಂಡತಿಯ ಹೊಲಿಗೆ ಟೇಪು ಇತ್ತು. ವಾರ ಕಳೆದಂತೆ ಅಳತೆ ಹೆಚ್ಚುತ್ತಲೇ ಹೋಯಿತು, ನೆತ್ತಿ ಉಬ್ಬಿತು, ಕಣ್ಣುಗುಡ್ಡೆ ಕೆಳಕ್ಕೆ ಜಾರಿದ ಹಾಗೆ ಕಾಣತೊಡಗಿತು. ಇಂಥ ಮಕ್ಕಳಲ್ಲಿ ಹಿಂಮೆದುಳು ಕುತ್ತಿಗೆಯತ್ತ ಇಳಿದು ಮೆದುಳಿನ ನೀರು ಹರಿದುಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಇಲ್ಲಿಯೂ ಎರಡು ದಾರಿ ಹೇಳಿದರು. ಒಂದು ಶಂಟ್: ತಲೆಯಿಂದ ಕಿವಿಯ ಹಿಂದೆ, ಕುತ್ತಿಗೆ, ಎದೆಯ ಚರ್ಮದಡಿಯಲ್ಲಿ ಸಣ್ಣ ಕೊಳವೆ ಇಳಿಸಿ ಹೊಟ್ಟೆಗೆ ಬಿಡುವುದು. ಮಗು ಬೆಳೆದಂತೆ ಸಾಲಲಿ ಎಂದು ಹೊಟ್ಟೆಯೊಳಗೆ ಹೆಚ್ಚಿನ ಉದ್ದ ಬಿಟ್ಟಿರುತ್ತಾರೆ. ಇನ್ನೊಂದು ಎಂಡೋಸ್ಕೋಪ್ ಹಾಕಿ ಮೆದುಳಿನ ಒಳಗೇ ನೀರಿಗೆ ಹೊಸ ಕಿಂಡಿ ತೆರೆಯುವುದು. ಉಗಾಂಡದಲ್ಲಿ ಬೆಂಜಮಿನ್ ವಾರ್ಫ್ ಎಂಬ ಸರ್ಜನ್ ಈ ಕಿಂಡಿಯ ಜೊತೆಗೆ ನೀರು ಉತ್ಪತ್ತಿಯಾಗುವ ಅಂಗಾಂಶವನ್ನೂ ಸುಟ್ಟು ಎಳೆ ಮಕ್ಕಳಲ್ಲಿ ಒಳ್ಳೆಯ ಫಲ ಕಂಡಿದ್ದಾರೆ, ಆದರೆ ಬರೀ ಕಿಂಡಿಯೊಂದೇ ಆದರೆ ಇಷ್ಟು ಸಣ್ಣ ಮಕ್ಕಳಲ್ಲಿ ಮುಚ್ಚಿಹೋಗುವುದು ಹೆಚ್ಚು ಎಂದರು. ನಾವು ಶಂಟಿಗೆ ಒಪ್ಪಿದೆವು.

ಆಗ ಹಣದ ಪ್ರಶ್ನೆ ಬಂತು. ಹೊರದೇಶದ ಶಂಟಿಗೆ ಹೇಳಿದ ರೇಟು ಕೇಳಿ ಗಂಡ ಸುಮ್ಮನಾದರು. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಬಹಳ ಕಡಿಮೆಗೆ ಸಿಗುತ್ತಿತ್ತು. ಅಗ್ಗದ್ದು ಹಾಕಿಸಿ ಮಗುವಿಗೆ ಅನ್ಯಾಯ ಮಾಡುತ್ತಿದ್ದೇವಾ ಎಂಬ ಅಳುಕು ನನಗಿತ್ತು. ಅದೇ ವಾರ್ಫ್ ಉಗಾಂಡದ 195 ಮಕ್ಕಳಲ್ಲಿ ಈ ಎರಡು ಬಗೆಯ ಶಂಟನ್ನೂ ಹಾಕಿ ಹೋಲಿಸಿ, ವರ್ಷದ ಕೊನೆಗೆ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2005ರಲ್ಲಿ ಬರೆದಿದ್ದಾರೆ ಎಂದು ಡಾಕ್ಟ್ರು ಹೇಳಿದ ಮೇಲೆ ಸಮಾಧಾನವಾಯಿತು. ಸಂಘದ ಸಾಲ, ನನ್ನ ಕರಿಮಣಿ ಬಿಟ್ಟು ಉಳಿದ ಚಿನ್ನ, ಗಂಡ ಕೆಲಸ ಮಾಡುವ ಹೋಟೆಲಿನ ಮಾಲೀಕರು ಮುಂಗಡ ಕೊಟ್ಟದ್ದು, ಇಷ್ಟರಲ್ಲಿ ಆ ವರ್ಷ ದಾಟಿತು.

ಶಂಟ್ ಹಾಕಿದರೆ ಮುಗಿಯಲಿಲ್ಲ. ಅದು ಯಾವಾಗ ಬೇಕಾದರೂ ಕಟ್ಟಬಹುದು. ನಮ್ಮದು ಅವಳು ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಕಟ್ಟಿತು. ಬೆಳಿಗ್ಗೆ ಎದ್ದವಳು ತಲೆ ಹಿಡಿದುಕೊಂಡು ವಾಂತಿ ಮಾಡಿದಳು, ಮಧ್ಯಾಹ್ನಕ್ಕೆ ಕರೆದರೂ ಏಳದಷ್ಟು ಮಂಪರು. ಊರಿನ ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಸಮಸ್ಯೆ ಎಂದು ಸಿರಪ್ ಬರೆಯಲಿಕ್ಕೆ ಹೊರಟರು. ಶಂಟ್ ಇದೆ ಎಂದು ಹೇಳಿ ನಾವು ಅಲ್ಲಿಂದ ನೇರ ರಿಕ್ಷಾ ಹತ್ತಿದೆವು. ಸಿಟಿ ಸ್ಕ್ಯಾನ್ ಆಯಿತು, ರಾತ್ರಿಯೇ ಕೊಳವೆ ಬದಲಿಸಿದರು. ಶಂಟ್ ಇರುವ ಮಗುವಿಗೆ ತಲೆನೋವು, ವಾಂತಿ, ಮಂಪರು ಮೂರೂ ಒಟ್ಟಿಗೆ ಬಂದರೆ ಕಾಯಬಾರದು. ಅವಳ ಶಾಲೆಯ ಡೈರಿಯ ಮೊದಲ ಪುಟದಲ್ಲಿ ಇದನ್ನು ಬರೆದಿಟ್ಟಿದ್ದೇನೆ.

ಈ ನಡುವೆ ಊರಿನವರ ಮಾತು ಬೇರೆ. "ಗ್ರಹಣದ್ ದಿನ ಹೊರ್ಗೆ ಹೋಯಿದ್ಯಾ ಹೆಣ್ಣೆ?" ಎಂದು ಅತ್ತೆಯ ಕಡೆಯವರು ಕೇಳಿದರು. ನಾಗದೋಷ ಎಂದರು, ಪ್ರಶ್ನೆ ಇಡಿಸಿ ಎಂದರು. ಅತ್ತೆಯ ಸಮಾಧಾನಕ್ಕೆ ಆಶ್ಲೇಷಾ ಬಲಿ ಮಾಡಿಸಿದೆವು. ಹಲವು ಮಕ್ಕಳ ತಾಯಿ ಎಂದು ನಮ್ಮವರು ಕೈಮುಗಿಯುವ ಕೋಟದ ಅಮೃತೇಶ್ವರಿಗೆ ನಾನೇ ಹರಕೆ ಹೇಳಿಕೊಂಡಿದ್ದೆ, ಅದನ್ನೂ ತೀರಿಸಿದೆ. ಆದರೆ ಗ್ರಹಣದ ಮಾತು ನನ್ನನ್ನು ಕೊರೆಯುತ್ತಿತ್ತು. ನಾನು ಬಸುರಿಯಾಗಿದ್ದಾಗ ಚಂದ್ರಗ್ರಹಣ ಆದದ್ದು 2015ರ ಏಪ್ರಿಲ್ 4ರಂದು. ಬೆನ್ನುಹುರಿಯ ಕೊಳವೆ ಮುಚ್ಚಬೇಕಾಗಿದ್ದ ದಿನಗಳು ಅದಕ್ಕಿಂತ ನಾಲ್ಕು ತಿಂಗಳು ಹಿಂದೆಯೇ ಕಳೆದುಹೋಗಿದ್ದವು, ಆಗ ಬಸುರಿ ಎಂಬುದೇ ನನಗೆ ಖಾತ್ರಿ ಇರಲಿಲ್ಲ. ಈ ಲೆಕ್ಕವನ್ನು ಅತ್ತೆಗೆ ಕ್ಯಾಲೆಂಡರ್ ಹಿಡಿದು ತೋರಿಸಿದೆ. ಅವರು ಆಮೇಲೆ ಆ ಮಾತು ಎತ್ತಲಿಲ್ಲ.

ಫೋಲಿಕ್ ಆಸಿಡ್ ಮಾತ್ರೆಯ ಲೆಕ್ಕವೂ ಇದೇ. ನಮ್ಮಲ್ಲಿ ಹೆಚ್ಚಿನ ಹೆಂಗಸರಿಗೆ ಆ ಮಾತ್ರೆ ಸಿಗುವುದು ತಿಂಗಳು ತಪ್ಪಿ, ಪರೀಕ್ಷೆಯಾಗಿ, ತಾಯಿ ಕಾರ್ಡು ಆದ ಮೇಲೆ. ಅಷ್ಟರಲ್ಲಿ 28 ದಿನ ಮುಗಿದಿರುತ್ತದೆ. ಮಾತ್ರೆ ಶುರುವಾಗಬೇಕಾದದ್ದು ಗರ್ಭ ನಿಲ್ಲುವ ಮೊದಲು. ಒಮ್ಮೆ ಇಂಥ ಮಗು ಹುಟ್ಟಿದವರು ಮುಂದಿನ ಬಸುರಿಗೆ ಮೊದಲೇ ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡರೆ, ಮತ್ತೆ ಹಾಗಾಗುವ ಸಂಭವ ಶೇಕಡಾ 72ರಷ್ಟು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲೇ ತೋರಿಸಿದೆ. 2019ರಲ್ಲಿ ಎರಡನೆಯ ಮಗು ಬೇಕೆಂದಾಗ ನಾನು ಡಾಕ್ಟ್ರನ್ನು ಕೇಳಿ ಮೊದಲೇ 5 ಮಿಲಿಗ್ರಾಂ ಮಾತ್ರೆ ಶುರು ಮಾಡಿದೆ. ಮಗ ಹುಟ್ಟಿದ, ಬೆನ್ನು ಸರಿಯಾಗಿದೆ.

ಆ ಬಸುರಿಯ ಸ್ಕ್ಯಾನಿಗೆ ಹೋದಾಗ ಡಾಕ್ಟ್ರು ಇನ್ನೊಂದು ದಾರಿಯ ಬಗ್ಗೆಯೂ ಹೇಳಿದರು. ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ಗರ್ಭಕೋಶ ತೆರೆದು ಬೆನ್ನು ಮುಚ್ಚುವ ಆಪರೇಶನ್. ಅಮೆರಿಕದ ಮೂರು ಆಸ್ಪತ್ರೆಗಳಲ್ಲಿ 26 ವಾರ ತುಂಬುವ ಮೊದಲೇ ಹೀಗೆ ಮಾಡಿಸಿಕೊಂಡವರನ್ನೂ ಹುಟ್ಟಿದ ಮೇಲೆ ಮಾಡಿಸಿದವರನ್ನೂ ಹೋಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ವರ್ಷದಲ್ಲಿ ಶಂಟ್ ಬೇಕಾದದ್ದು ಶೇಕಡಾ 40 ಮಕ್ಕಳಿಗೆ, ಹುಟ್ಟಿದ ಮೇಲೆ ಮಾಡಿದವರಲ್ಲಿ ಶೇಕಡಾ 82. ಎರಡೂವರೆ ವರ್ಷಕ್ಕೆ ಆಧಾರವಿಲ್ಲದೆ ನಡೆದವರು ಶೇಕಡಾ 42, ಇನ್ನೊಂದು ಕಡೆ ಶೇಕಡಾ 21. ಆದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚು, ತಾಯಿಯ ಗರ್ಭಕೋಶದ ಹೊಲಿಗೆ ತೆಳ್ಳಗಾಗಿ ಮುಂದಿನ ಬಸುರಿಗೂ ಅಪಾಯ. ಇದೆಲ್ಲ ಆಗಬೇಕಾದರೆ ಐದನೇ ತಿಂಗಳಿನ ಸ್ಕ್ಯಾನಿನಲ್ಲಿ ಬೆನ್ನು ಸರಿಯಾಗಿ ಕಾಣಬೇಕು. ಮೊದಲ ಸಲ ನಮಗೆ ಕಂಡಿದ್ದರೆ ಏನು ಮಾಡುತ್ತಿದ್ದೆವು ಎಂದು ಕೆಲವರು ಕೇಳುತ್ತಾರೆ. ಅವಳು ಪಕ್ಕದ ಕೋಣೆಯಲ್ಲಿ ಮನೆಲೆಕ್ಕ ಬರೆಯುತ್ತಿರುವಾಗ ಆ ಪ್ರಶ್ನೆಗೆ ಉತ್ತರ ಹುಡುಕುವ ಮನಸ್ಸು ನನಗಿಲ್ಲ.

ಪಾದಗಳು ಹುಟ್ಟುವಾಗಲೇ ಒಳಕ್ಕೆ ತಿರುಚಿದ್ದವು. ವಾರ ವಾರ ಸ್ವಲ್ಪ ಸ್ವಲ್ಪವೇ ನೇರ ಮಾಡಿ ಪ್ಲಾಸ್ಟರ್ ಹಾಕುವ ಪೊನ್ಸೆಟಿ ವಿಧಾನ, ಕೊನೆಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಸಣ್ಣ ಗೀರು. ಬೇರೆ ಮಕ್ಕಳಿಗೆ ಇದು ಸುಲಭ. ಸ್ಪರ್ಶ ಗೊತ್ತಾಗದ ಪಾದಕ್ಕೆ ಪ್ಲಾಸ್ಟರಿನೊಳಗೆ ಹುಣ್ಣಾದರೂ ತಿಳಿಯುವುದಿಲ್ಲ, ತಿರುಚು ಮರಳಿ ಬರುವುದೂ ಹೆಚ್ಚು. ಅವಳಿಗೂ ಒಂದು ಪಾದ ಮತ್ತೆ ತಿರುಗಿತು, ಮತ್ತೆ ಮಾಡಬೇಕಾಯಿತು. ಈಗ ಮೊಣಕಾಲಿನ ಕೆಳಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು, ಮೇಲೆ ಒಂದು ಸೈಜ್ ದೊಡ್ಡ ಬೂಟು ಹಾಕಿ ನಡೆಯುತ್ತಾಳೆ. ಕೊಮೆಯ ಕಡಲ ಬದಿಗೆ ಹೋದರೆ ಕಾದ ಹೊಯಿಗೆಯ ಮೇಲೆ ಬರಿಗಾಲಲ್ಲಿ ಬಿಡುವುದಿಲ್ಲ, ಬೈಕಿನ ಸೈಲೆನ್ಸರಿನ ಬದಿಗೆ ಕೂರಿಸುವುದಿಲ್ಲ. ರಾತ್ರಿ ಮಲಗುವ ಮೊದಲು ಪಾದದಡಿ ಟಾರ್ಚು ಹಾಕಿ ನೋಡುವುದು ನಮ್ಮ ಮನೆಯಲ್ಲಿ ದೇವರಿಗೆ ದೀಪ ಇಡುವಷ್ಟೇ ಖಾಯಂ. ಹಲವು ಆಪರೇಶನ್ ಆದ ಇಂಥ ಮಕ್ಕಳಿಗೆ ರಬ್ಬರ್ ಅಲರ್ಜಿ ಬರುವುದು ಸಾಮಾನ್ಯವಂತೆ. ಹಾಗಾಗಿ ಹುಟ್ಟುಹಬ್ಬಕ್ಕೆ ಬಲೂನು ಇಲ್ಲ, ಕಾಗದದ ತೋರಣ.

ಜನ ಕಾಲನ್ನು ನೋಡುತ್ತಾರೆ. ನಮ್ಮನ್ನು ನಿಜವಾಗಿ ಹೆದರಿಸಿದ್ದು ಯಾರಿಗೂ ಕಾಣದ ಮೂತ್ರಕೋಶ. ಅದಕ್ಕೆ ಹೋಗುವ ನರವೂ ಸೋತಿರುತ್ತದೆ. ಉಚ್ಚೆ ಸೋರುತ್ತಲೇ ಇದ್ದ ಕಾರಣ ಚೆನ್ನಾಗಿ ಹೋಗುತ್ತಿದೆ ಎಂದು ಮನೆಯವರೆಲ್ಲ ತಿಳಿದಿದ್ದರು. ಒಳಗೆ ಪೂರ್ತಿ ಖಾಲಿಯಾಗದೆ ನಿಂತು, ಒತ್ತಡ ಹೆಚ್ಚಾಗಿ, ಮೂತ್ರ ಹಿಂದಕ್ಕೆ ಕಿಡ್ನಿಗೆ ಏರುತ್ತಿತ್ತು. ವರ್ಷ ತುಂಬುವ ಮೊದಲು ಚಳಿ ಜ್ವರ ಮೇಲಿಂದ ಮೇಲೆ ಬಂದಾಗ ಪರೀಕ್ಷೆಗಳಾಗಿ ಇದು ತಿಳಿಯಿತು. ಕಾಲು ಸೋತ ಮಕ್ಕಳು ಬದುಕುತ್ತಾರೆ, ಕಿಡ್ನಿ ಸೋತರೆ ಕಷ್ಟ ಎಂದು ಡಾಕ್ಟ್ರು ನೇರವಾಗಿ ಹೇಳಿದರು.

ಅದಕ್ಕೆ ಮೊದಲ ಔಷಧಿ ಕತ್ತರಿಯಲ್ಲ, ಕ್ಯಾಥೆಟರ್. ಮೂರು ನಾಲ್ಕು ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆದು, ನಳಿಕೆ ಹೊರಗೆ ತೆಗೆದುಬಿಡುವುದು. ಇದನ್ನು ಮನೆಯಲ್ಲೇ ಮಾಡಬಹುದು, ಆಪರೇಶನ್ ಥಿಯೇಟರಿನ ಶುದ್ಧಿ ಬೇಕಿಲ್ಲ, ಸೋಪು ಹಾಕಿ ತೊಳೆದ ಕೈ ಸಾಕು ಎಂದು ಅಮೆರಿಕದ ಜಾಕ್ ಲ್ಯಾಪಿಡಿಸ್ 1972ರಲ್ಲಿ ತೋರಿಸಿಕೊಟ್ಟರಂತೆ. ವಾರ್ಡಿನ ಸಿಸ್ಟರ್ ನನ್ನ ಕೈ ಹಿಡಿದು ಕಲಿಸಿದರು. ಆರು ನಂಬರಿನ ನಳಿಕೆ, ಜೆಲ್, ಎದುರಿಗೆ ಕನ್ನಡಿ, ಟಾರ್ಚು. ನನ್ನ ಕೈ ನಡುಗುತ್ತಿತ್ತು. "ಹೆಣ್ಣಿಗೆ ಹಿಂಗೆಲ್ಲ ಮಾಡೂಕಾತ್ತಾ?" ಎಂದು ಅಮ್ಮ ಮುಖ ತಿರುಗಿಸಿದರು. ನಳಿಕೆ ಸರಿಯಾದ ಜಾಗಕ್ಕೆ ಹೋದ ಕೂಡಲೇ ಸ್ಟೀಲಿನ ಪಾತ್ರೆಗೆ ಮೂತ್ರ ಬಿದ್ದ ಸದ್ದು ಕೇಳಿತು. ಆಗಷ್ಟೇ ಡೈಪರು ಒದ್ದೆ ಮಾಡಿದ ಮಗುವಿನ ಹೊಟ್ಟೆಯಲ್ಲಿ ಅಷ್ಟು ಉಳಿದಿತ್ತು. ಅಮ್ಮ ತಿರುಗಿ ನೋಡಿದರು. ಮರುವಾರದಿಂದ ನಾನು ಇಲ್ಲದಾಗ ಅವರೇ ಹಾಕತೊಡಗಿದರು. ಜೊತೆಗೆ ಮೂತ್ರಕೋಶ ಸಡಿಲಿಸುವ ಆಕ್ಸಿಬ್ಯುಟಿನಿನ್ ಮಾತ್ರೆ. ಜ್ವರ ಬರುವುದು ಕಡಿಮೆಯಾಯಿತು.

ಅವಳು ಶಾಲೆಗೆ ಸೇರಿದ ಮೇಲೆ ಹನ್ನೊಂದರ ಬಿಡುವಿಗೆ, ಮತ್ತೆ ಊಟದ ನಂತರ ನಾನು ಹೋಗಬೇಕಾಗುತ್ತಿತ್ತು. ಫ್ಯಾಕ್ಟರಿ ಕೆಲಸ ಬಿಟ್ಟೆ. ಎರಡನೇ ಕ್ಲಾಸಿನಲ್ಲಿ ಅವಳೇ ಕಲಿತಳು. ಟೀಚರು ಒಂದು ಶೌಚಾಲಯಕ್ಕೆ ಒಳಗಿನಿಂದ ಚಿಲಕ, ಚೀಲ ಇಡಲು ಹಲಗೆ, ಗೋಡೆಗೆ ಕನ್ನಡಿ ಹಾಕಿಸಿಕೊಟ್ಟರು. ಅಷ್ಟಾದ ಮೇಲೆ ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದೆ.

2023ರಲ್ಲಿ ಅವಳ ನಡಿಗೆ ಕೆಟ್ಟಿತು. ಕಾಲು ನೋವು ಎನ್ನುತ್ತಿದ್ದಳು, ಎರಡು ಸಲ ನಳಿಕೆ ಹಾಕುವುದರ ನಡುವೆ ಮೂತ್ರ ಸೋರುವುದು ಹೆಚ್ಚಾಯಿತು. ಹುಟ್ಟಿದಾಗ ಮುಚ್ಚಿದ ಜಾಗದಲ್ಲಿ ಬೆನ್ನುಹುರಿ ಗಾಯದ ಕಲೆಗೆ ಅಂಟಿಕೊಂಡಿರುತ್ತದೆ, ಮಗು ಎತ್ತರವಾದಂತೆ ಅದು ಎಳೆಯುತ್ತದೆ. ಎಂಆರ್‌ಐ ಮಾಡಿದರೆ ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅಂಟಿದಂತೆಯೇ ಕಾಣುತ್ತದೆ. ಹಾಗಾಗಿ ಫೋಟೋ ನೋಡಿ ಆಪರೇಶನ್ ಮಾಡುವುದಿಲ್ಲ, ಮಗುವಿನ ಲಕ್ಷಣ ನೋಡಿ ಮಾಡುತ್ತಾರೆ. ನಡಿಗೆಯ ವಿಡಿಯೋಗಳನ್ನು ಗಂಡ ಮೊಬೈಲಿನಲ್ಲಿ ಇಟ್ಟಿದ್ದರು, ಅವೇ ಉಪಯೋಗಕ್ಕೆ ಬಂದವು. ಅಂಟು ಬಿಡಿಸಿದರು. ನೋವು ಹೋಯಿತು, ನಡಿಗೆ ಹಿಂದಿನ ಮಟ್ಟಕ್ಕೆ ಬಂತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಮೊದಲ ದಿನ ಚೀಟಿಯ ಹಿಂದೆ ಚಿತ್ರ ಬರೆದು ಡಾಕ್ಟ್ರು ಹೇಳಿದ್ದು ನನಗೆ ಪೂರ್ತಿ ಅರ್ಥವಾದದ್ದು ಆಗಲೇ.

ಹೊಸದಾಗಿ ಈ ದಾರಿಗೆ ಬಂದವರಿಗೆ ನಾನು ಹೇಳುವುದು ಇಷ್ಟು. ಯಾವ ಆಪರೇಶನ್ ಹೇಳಿದರೂ ಮೂರು ಪ್ರಶ್ನೆ ಕೇಳಿ. ಇದು ಯಾವುದನ್ನು ಉಳಿಸಲಿಕ್ಕೆ? ಮಾಡಿಸದಿದ್ದರೆ ಯಾವುದು ಹೋಗುತ್ತದೆ, ಎಷ್ಟು ಬೇಗ? ಆದ ಮೇಲೆ ಮನೆಯಲ್ಲಿ ನಾವು ಜೀವಮಾನವಿಡೀ ಏನು ಮಾಡುತ್ತಿರಬೇಕು? ಬೆನ್ನು ಮುಚ್ಚಿಸಿದ ತಿಂಗಳಲ್ಲೇ ಕಿಡ್ನಿಯ ಸ್ಕ್ಯಾನ್ ಬಗ್ಗೆಯೂ ಕೇಳಿ, ಜ್ವರ ಬರುವ ತನಕ ಕಾಯಬೇಡಿ. ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ತೊಂದರೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. ಅಂಗವಿಕಲರ ಗುರುತಿನ ಚೀಟಿ ಬೇಗ ಮಾಡಿಸಿಕೊಳ್ಳಿ.

ನಮ್ಮ ಮುಂದಿರುವ ಪ್ರಶ್ನೆ ಈಗ ಮೂತ್ರಕೋಶದ್ದು. ಮಾತ್ರೆಗೆ ಒತ್ತಡ ಮೊದಲಿನಷ್ಟು ಇಳಿಯುತ್ತಿಲ್ಲ. ಕರುಳಿನ ತುಂಡು ಸೇರಿಸಿ ಮೂತ್ರಕೋಶ ದೊಡ್ಡದು ಮಾಡುವುದು, ಜೊತೆಗೆ ಅಪೆಂಡಿಕ್ಸಿನಿಂದ ಹೊಕ್ಕಳಿಗೆ ಸಣ್ಣ ದಾರಿ ಮಾಡಿ ಅಲ್ಲಿಂದಲೇ ನಳಿಕೆ ಹಾಕುವಂತೆ ಮಾಡುವುದು, ಇದು ಡಾಕ್ಟ್ರು ಹೇಳಿರುವ ದಾರಿ. ಫ್ರಾನ್ಸಿನ ಮಿತ್ರೋಫನಾಫ್ ಎಂಬವರು 1980ರಲ್ಲಿ ತೋರಿಸಿದ ವಿಧಾನ. ಬಟ್ಟೆ ಬಿಚ್ಚಬೇಕಿಲ್ಲ, ಕನ್ನಡಿ ಬೇಕಿಲ್ಲ, ದೊಡ್ಡವಳಾದ ಮೇಲೆ ಎಲ್ಲಿ ಬೇಕಾದರೂ ಕೂತು ಮಾಡಿಕೊಳ್ಳಬಹುದು. ಆದರೆ ಕರುಳಿನ ಲೋಳೆ ಕಟ್ಟದಂತೆ ಮೂತ್ರಕೋಶವನ್ನು ತೊಳೆಯುತ್ತಿರಬೇಕು, ಕಲ್ಲು ಆಗಬಹುದು, ತಪಾಸಣೆ ಯಾವತ್ತೂ ನಿಲ್ಲುವುದಿಲ್ಲ. ಇಲ್ಲಿಯ ತನಕ ಎಲ್ಲವನ್ನೂ ನಾವೇ ತೀರ್ಮಾನಿಸಿದ್ದೆವು. ಈ ಸಲ ಡಾಕ್ಟ್ರು ಅವಳನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆದು ವಿವರಿಸಿದರು. ಅವಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದಳು: "ಹೊಕ್ಳಂಗೆ ತೂತಿದ್ರೆ ಈಜೂಕಾತ್ತಾ?" ಗಾಯ ಮಾಗಿದ ಮೇಲೆ ಅಡ್ಡಿಯಿಲ್ಲ ಎಂದರು ಡಾಕ್ಟ್ರು. ಹಾಗಾದರೆ ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದಾಳೆ. ಮೂತ್ರಕೋಶದ ಒತ್ತಡದ ಪರೀಕ್ಷೆ ಇನ್ನೊಮ್ಮೆ ಆಗಬೇಕು. ಅದರ ರಿಪೋರ್ಟು ಬಂದ ಮೇಲೆ ಮೂವರೂ ಕೂತು ತೀರ್ಮಾನಿಸುತ್ತೇವೆ.